ಡೀಸೆಲ್ ಉಳಿಸುವ ತರಬೇತಿ: ಡ್ರೈವರ್ ಸೀಟಿನಿಂದ ಆಫೀಸಿನ ಮೇಜಿನವರೆಗೆ (ಒಂದು ಪ್ರಕರಣ ಅಧ್ಯಯನ)

ಲಾರಿ ಡ್ರೈವರ್‌ಗಳಿಗೆ ಡೀಸೆಲ್ ಉಳಿಸಿ ಓಡಿಸುವುದನ್ನು ಕಲಿಸಿದರೆ ಹೊಗೆ ಕಡಿಮೆಯಾಗುತ್ತಾ? ಆಗುತ್ತದೆ. ಆದರೆ ಆ ಉಳಿತಾಯ ಎಷ್ಟು ದಿನ ಬಾಳುತ್ತದೆ, ಯಾರ ಕೈಯಲ್ಲಿ ಅದನ್ನು ಉಳಿಸಿಕೊಳ್ಳುವ ಶಕ್ತಿ ಇದೆ ಅನ್ನೋದು ಬೇರೆಯೇ ಪ್ರಶ್ನೆ. ಒಂದು ಸಾಗಣೆ ಕಂಪನಿಯಲ್ಲಿ ಈ ಕೆಲಸ ಶುರುವಾಗಿ, ಗೆದ್ದಂತೆ ಕಂಡು, ಮುಗ್ಗರಿಸಿ, ಮತ್ತೆ ಎದ್ದು ನಿಂತದ್ದನ್ನು ತರಬೇತಿ ತಂಡದ ಜೊತೆಗಿದ್ದು ನೋಡಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಕಂಪನಿಯ ಹೆಸರು, ಊರು, ಜನರ ಗುರುತು ಇಲ್ಲಿ ಇರುವುದಿಲ್ಲ. ಕಂಪನಿಯ ಡೀಸೆಲ್ ಲೆಕ್ಕವನ್ನೂ ಕೊಟ್ಟಿಲ್ಲ. ಅದು ಹೊರಬಿದ್ದರೆ ಪೈಪೋಟಿಯವರಿಗೆ ಬಾಡಿಗೆ ದರದ ಗುಟ್ಟು ಬಿಟ್ಟುಕೊಟ್ಟ ಹಾಗೆ. ಇಲ್ಲಿ ಬರುವ ಅಂಕಿಗಳೆಲ್ಲ ಯಾವ ಭಾರಿ ಲಾರಿಗಾದರೂ ಹೊಂದುವ ಸಾಮಾನ್ಯ ಲೆಕ್ಕಗಳು.

ಹಿನ್ನೆಲೆ

ಮಧ್ಯಮ ಗಾತ್ರದ ಕಂಪನಿ ಅದು. ಲಾರಿಗಳಲ್ಲಿ ಕೆಲವು ಹೊಸವು, ಕೆಲವು ವರ್ಷಗಟ್ಟಲೆ ಓಡಿದವು. ದಾರಿಗಳು ಮೂರು ಬಗೆ: ಸಮತಟ್ಟಾದ ಹೆದ್ದಾರಿ, ಬೆಟ್ಟದ ಏರಿಳಿತ, ನಗರದೊಳಗಿನ ಹಂಚಿಕೆ. ಹಿರಿಯ ಡ್ರೈವರ್‌ಗಳು ಬಹಳ ಮಂದಿ ಇದ್ದರು. ಒಬ್ಬೊಬ್ಬರಿಗೂ ತಮ್ಮ ದಾರಿಯ ಪ್ರತಿ ತಿರುವೂ ಬಾಯಿಪಾಠ.

ವಿಷಯ ಶುರುವಾದದ್ದು ಡೀಸೆಲ್ ಖರ್ಚಿನಿಂದಲ್ಲ. ಕಂಪನಿಯ ದೊಡ್ಡ ಗ್ರಾಹಕರೊಬ್ಬರು ಒಂದು ಪತ್ರ ಕಳಿಸಿದರು. 'ನಮ್ಮ ಸರಕು ಸಾಗಿಸುವಾಗ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಅದನ್ನು ಇಳಿಸಲು ಏನು ಮಾಡುತ್ತಿದ್ದೀರಿ' ಅನ್ನೋದು ಅವರ ಪ್ರಶ್ನೆ. ಮೊದಲ ಅರ್ಧಕ್ಕೆ ಉತ್ತರ ಸುಲಭ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಲೀಟರ್ ಡೀಸೆಲ್ ತೂಗುವುದೇ ಒಂದು ಕೆ.ಜಿ.ಗಿಂತ ಕಡಿಮೆ, ಇಷ್ಟೊಂದು ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. ಡೀಸೆಲ್‌ನಲ್ಲಿರುವ ಕಾರ್ಬನ್ ಗಾಳಿಯ ಆಮ್ಲಜನಕದ ಜೊತೆ ಸೇರುತ್ತದೆ. ಆ ಆಮ್ಲಜನಕದ ತೂಕವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸುಟ್ಟ ಲೀಟರ್ ಎಷ್ಟು ಎಂದು ಗೊತ್ತಾದರೆ ಹೊಗೆಕೊಳವೆಯಿಂದ ಬಂದ ಕಾರ್ಬನ್ ಡೈಆಕ್ಸೈಡ್ ಎಷ್ಟು ಎಂದೂ ಗೊತ್ತಾದ ಹಾಗೆಯೇ. ಬೇರೆ ಯಂತ್ರ, ಪರೀಕ್ಷೆ ಏನೂ ಬೇಡ.

ಕಷ್ಟವಾದದ್ದು ಎರಡನೇ ಅರ್ಧ. ಎಲ್ಲ ಲಾರಿ ಬದಲಿಸಲು ಹಣವಿರಲಿಲ್ಲ. ಇರುವ ಲಾರಿಗಳು ಇನ್ನೂ ಹಲವು ವರ್ಷ ಓಡಲೇಬೇಕು. ಹಾಗಾದರೆ ಅವನ್ನು ಓಡಿಸುವ ರೀತಿಯನ್ನೇ ಸುಧಾರಿಸೋಣ ಎಂದು ಲಾರಿಗಳ ಉಸ್ತುವಾರಿ ಮ್ಯಾನೇಜರ್ ತೀರ್ಮಾನಿಸಿದರು. ಆ ತೀರ್ಮಾನ ಸರಿಯಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಹೊಸ ಲಾರಿ ಬರುವವರೆಗೆ ಕಾಯುತ್ತಾ ಕೂತಿದ್ದರೆ ಅಷ್ಟು ವರ್ಷದ ಹೊಗೆ ಗಾಳಿಗೆ ಸೇರಿಯೇ ಬಿಡುತ್ತಿತ್ತು.

ಡ್ರೈವರ್ ಕಾಲಿನಲ್ಲಿ ಎಷ್ಟು ಡೀಸೆಲ್ ಇದೆ?

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಮುಂದೆ ನಡೆದದ್ದು ಅರ್ಥವಾಗಲು ಅದು ಮುಖ್ಯ.

40 ಟನ್ ತೂಕದ ಲಾರಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಆ ಓಟದಲ್ಲಿ ಸುಮಾರು 80 ಲಕ್ಷ ಜೂಲ್ ಶಕ್ತಿ ತುಂಬಿರುತ್ತದೆ. ಡೀಸೆಲ್‌ನಲ್ಲಿರುವ ಶಕ್ತಿಯ ಸುಮಾರು 40% ಮಾತ್ರ ಎಂಜಿನ್ನಿನಿಂದ ಕೆಲಸವಾಗಿ ಹೊರಬರುತ್ತದೆ ಎಂದು ಹಿಡಿದರೆ, ನಿಂತ ಲಾರಿಯನ್ನು ಆ ವೇಗಕ್ಕೆ ತರಲು ಅರ್ಧ ಲೀಟರ್‌ಗೂ ಸ್ವಲ್ಪ ಜಾಸ್ತಿ ಡೀಸೆಲ್ ಬೇಕು. ಅಂದರೆ ಡ್ರೈವರ್ ಒಮ್ಮೆ ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿದಾಗ ಅಷ್ಟು ಡೀಸೆಲ್ ಬ್ರೇಕ್ ಡ್ರಮ್ಮಿನ ಬಿಸಿಯಾಗಿ ಹಾರಿಹೋಯಿತು. ಸೈಕಲ್ ತುಳಿಯುವವನು ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ತುಳಿಯುವುದನ್ನು ನಿಲ್ಲಿಸುತ್ತಾನೆ, ಅಲ್ವಾ? ಯಾಕೆಂದರೆ ಆ ಶ್ರಮ ಅವನ ಕಾಲಿಗೇ ಗೊತ್ತು. ಲಾರಿಯಲ್ಲಿ ಆ ಶ್ರಮ ಎಂಜಿನ್ನಿನದು, ಡ್ರೈವರ್‌ಗೆ ತಿಳಿಯುವುದಿಲ್ಲ. ಅದನ್ನು ತಿಳಿಯುವಂತೆ ಮಾಡುವುದೇ ತರಬೇತಿಯ ಮೊದಲ ಕೆಲಸ.

ಎರಡನೆಯದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದಾಗ ಬರುವ ಅಂಕಿಗೆ) ತಕ್ಕಂತೆ ಏರುತ್ತದೆ. 80ರಿಂದ 90ಕ್ಕೆ ಹೋದರೆ ವೇಗ ಎಂಟನೇ ಒಂದು ಭಾಗ ಮಾತ್ರ ಜಾಸ್ತಿ. ಗಾಳಿಯ ತಡೆ ಮಾತ್ರ ಸುಮಾರು 27% ಜಾಸ್ತಿ.

ಮೂರನೆಯದು ಇಳಿಜಾರು. ಕಂಪ್ಯೂಟರ್ ನಿಯಂತ್ರಿಸುವ ಎಂಜಿನ್ನುಗಳಲ್ಲಿ, ಗೇರ್ ಹಾಕಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಸಿಂಪಡಣೆ ಪೂರ್ತಿ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲಿ ಎಂದು ಮತ್ತೆ ಡೀಸೆಲ್ ಉರಿಯಲು ಶುರುವಾಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿತಾಯ ಅನ್ನುವ ನಂಬಿಕೆ ಬಹಳ ಹಳೆಯದು. ಕಡಿದಾದ ಇಳಿಜಾರಿನಲ್ಲಿ ಅದು ತಪ್ಪಷ್ಟೇ ಅಲ್ಲ, ಜೀವಕ್ಕೆ ಅಪಾಯ. ಆ ಕಥೆಗೆ ಆಮೇಲೆ ಬರುತ್ತೇನೆ.

ಇನ್ನು ನಿಂತಲ್ಲೇ ಎಂಜಿನ್ ಓಡಿಸುವುದು. ಭಾರಿ ಲಾರಿ ಸುಮ್ನೆ ನಿಂತಾಗ ಗಂಟೆಗೆ ಸುಮಾರು 2ರಿಂದ 3 ಲೀಟರ್ ಕುಡಿಯುತ್ತದೆ. ಇದರಲ್ಲಿ ಇನ್ನೊಂದು ತೊಂದರೆಯೂ ಇದೆ. ಹೊಸ ಲಾರಿಗಳಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡುವ ವ್ಯವಸ್ಥೆ ಕೆಲಸ ಮಾಡಬೇಕಾದರೆ ಹೊಗೆ ಸಾಕಷ್ಟು ಬಿಸಿ ಇರಬೇಕು. ನಿಂತಲ್ಲೇ ಓಡುವ ಎಂಜಿನ್ನಿನ ಹೊಗೆ ತಣ್ಣಗಿರುತ್ತದೆ. ಹಾಗಾಗಿ ಡೀಸೆಲ್ ವ್ಯರ್ಥವಾಗುವ ಜೊತೆಗೆ ಕೆಟ್ಟ ಹೊಗೆಯೂ ಸರಿಯಾಗಿ ಶುದ್ಧವಾಗದೆ ಹೊರಬೀಳುತ್ತದೆ.

ಮೊದಲ ಸಭೆ

ಡ್ರೈವರ್‌ಗಳನ್ನು ಕರೆದು ವಿಷಯ ಹೇಳಿದಾಗ ಯಾರೂ ಮಾತಾಡಲಿಲ್ಲ. ಆ ಮೌನಕ್ಕೆ ಕಾರಣವಿತ್ತು. ಡೀಸೆಲ್ ಲೆಕ್ಕ ಕೇಳುವುದೆಂದರೆ ಕಳ್ಳತನದ ಅನುಮಾನ ಎಂದೇ ಅವರು ತಿಳಿದಿದ್ದರು. ಲಾರಿಗೆ ಹೊಸ ಸಾಧನ ಕೂರಿಸಿ ವೇಗ, ಬ್ರೇಕ್, ಎಂಜಿನ್ ಸುತ್ತು ಎಲ್ಲ ದಾಖಲಿಸುತ್ತೇವೆ ಎಂದ ಮೇಲಂತೂ ಮುಖಗಳು ಇನ್ನಷ್ಟು ಬಿಗಿದವು.

ಮ್ಯಾನೇಜರ್ ಒಂದು ಒಳ್ಳೆಯ ಕೆಲಸ ಮಾಡಿದರು. ಈ ದಾಖಲೆ ನೋಡಿ ಯಾರ ಸಂಬಳವನ್ನೂ ಕಡಿತ ಮಾಡುವುದಿಲ್ಲ, ಯಾರಿಗೂ ದಂಡ ಹಾಕುವುದಿಲ್ಲ ಎಂದು ಬರೆದು, ಸಹಿ ಹಾಕಿ ನೋಟೀಸು ಬೋರ್ಡಿಗೆ ಅಂಟಿಸಿದರು. ಬಾಯಿಮಾತಿಗಿಂತ ಆ ಹಾಳೆ ಕೆಲಸ ಮಾಡಿತು. ಮುಂದೆ ಎಡವಿದಾಗಲೂ ಡ್ರೈವರ್‌ಗಳು ಪೂರ್ತಿ ಕೈಬಿಡದೇ ಇದ್ದದ್ದು ಆ ಒಂದು ಹಾಳೆಯಿಂದ ಎಂದೇ ನನ್ನ ನಂಬಿಕೆ.

ಒಬ್ಬ ಹಿರಿಯ ಡ್ರೈವರ್ ಕೊನೆಗೆ ಎದ್ದು ಕೇಳಿದರು: 'ಸಾರ್, ನೀವು ಹೇಳೋದೆಲ್ಲ ಸರಿ. ನಿಧಾನ ಹೋಗ್ತೀನಿ, ಹುಷಾರಾಗಿ ಹೋಗ್ತೀನಿ. ಆದ್ರೆ ಹೇಳಿದ ಟೈಮಿಗೆ ಗೋದಾಮಿನ ಗೇಟಲ್ಲಿ ಇರದಿದ್ರೆ ಬೈಸಿಕೊಳ್ಳೋರು ಯಾರು?' ಎಲ್ಲರೂ ನಕ್ಕರು. ಆ ಪ್ರಶ್ನೆಗೆ ಆ ದಿನ ಯಾರೂ ಉತ್ತರ ಕೊಡಲಿಲ್ಲ. ಇಡೀ ಪ್ರಕರಣದ ತಿರುಳು ಅದರಲ್ಲೇ ಇತ್ತು.

ತರಬೇತಿ

ಕೋಣೆಯಲ್ಲಿ ಕೂರಿಸಿ ಪಾಠ ಮಾಡಿದ್ದು ಕಡಿಮೆ, ಜಾಸ್ತಿ ಸಮಯ ಹೋದದ್ದು ರಸ್ತೆಯಲ್ಲಿ. ಕ್ರಮ ಹೀಗಿತ್ತು. ಡ್ರೈವರ್ ಮೊದಲು ಒಂದು ಗೊತ್ತುಮಾಡಿದ ದಾರಿಯಲ್ಲಿ ತನ್ನ ರೂಢಿಯಂತೆ ಓಡಿಸುತ್ತಾರೆ. ತರಬೇತುದಾರರು ಪಕ್ಕದಲ್ಲಿ ಕೂತು ಸುಮ್ಮನೆ ಗಮನಿಸುತ್ತಾರೆ. ಆಮೇಲೆ ಮಾತುಕತೆ. ನಂತರ ಅದೇ ಲಾರಿ, ಅದೇ ಲೋಡ್, ಅದೇ ದಾರಿಯಲ್ಲಿ ಎರಡನೇ ಓಟ. ಬ್ರಿಟನ್ನಿನ ಸೇಫೆಡ್ ಎಂಬ ತರಬೇತಿ ಕಾರ್ಯಕ್ರಮದಲ್ಲೂ ಹೀಗೆ ಮೊದಲು ಮತ್ತು ಆಮೇಲಿನ ಓಟವನ್ನು ಹೋಲಿಸುವ ಪದ್ಧತಿ ಇದೆ.

ಕಲಿಸಿದ್ದು ಹೊಸ ವಿದ್ಯೆಯೇನಲ್ಲ. ದೂರಕ್ಕೆ ನೋಡಿ, ಮುಂದಿನ ಗಾಡಿಯಿಂದ ಅಂತರ ಬಿಡಿ, ಸಿಗ್ನಲ್ ಕೆಂಪಿದ್ದರೆ ಬೇಗ ಕಾಲು ತೆಗೆದು ಗೇರಿನಲ್ಲೇ ಉರುಳಲು ಬಿಡಿ. ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮೀಟರಿನಲ್ಲಿ, ಡೀಸೆಲ್ ಕಡಿಮೆ ಹಿಡಿಯುವ ಹಸಿರು ಪಟ್ಟಿಯೊಳಗೆ ಗೇರ್ ಬದಲಿಸಿ. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿಯನ್ನು ತಡೆದು ಎಂಜಿನ್ನಿನಿಂದಲೇ ವೇಗ ಇಳಿಸುವ ಬ್ರೇಕ್) ಬಳಸಿ. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಹೆಚ್ಚು ಹೊತ್ತು ನಿಲ್ಲುವುದಾದರೆ ಎಂಜಿನ್ ಆಫ್ ಮಾಡಿ.

ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಆ ಹಿರಿಯರೇ ಮೊದಲ ಸಲ ಎರಡನೇ ಓಟ ಮುಗಿಸಿ ಗಡಿಯಾರ ನೋಡಿಕೊಂಡರು. ಡೀಸೆಲ್ ಕಡಿಮೆ ಹಿಡಿದಿತ್ತು. ಸಮಯ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಅವರು ಅದನ್ನು ನಂಬಲಿಲ್ಲ, ಇನ್ನೊಂದು ಓಟ ಕೇಳಿ ಪಡೆದರು. ಮತ್ತೆ ಅದೇ ಫಲಿತಾಂಶ ಬಂತು. ಜೋರಾಗಿ ಹೋಗಿ ಜೋರಾಗಿ ಬ್ರೇಕ್ ಹಾಕುವವನಿಗೂ, ಒಂದೇ ಹದದಲ್ಲಿ ಹೋಗುವವನಿಗೂ ಮುಂದಿನ ಸಿಗ್ನಲ್ ಒಂದೇ ತಾನೆ? ತರಬೇತುದಾರರು ಎಷ್ಟು ಹೇಳಿದರೂ ಒಪ್ಪದವರು ಆ ಹಿರಿಯರ ಮಾತು ಕೇಳಿ ಒಪ್ಪಿದರು.

ಮೊದಲ ಫಲಿತಾಂಶ, ಮತ್ತು ಅದರ ಮೇಲೆ ಬಿದ್ದ ಅನುಮಾನ

ಮೊದಲ ತಂಡದ ತರಬೇತಿ ಮುಗಿದು ಒಂದು ತಿಂಗಳಲ್ಲಿ ಡೀಸೆಲ್ ಬಳಕೆ ಚೆನ್ನಾಗಿ ಇಳಿಯಿತು. ಆಫೀಸಿನಲ್ಲಿ ಖುಷಿ. ಗ್ರಾಹಕರಿಗೆ ಕಳಿಸಲು ವರದಿಯೂ ಸಿದ್ಧವಾಯಿತು.

ಲೆಕ್ಕಪತ್ರ ನೋಡುವ ಹುಡುಗಿಯೊಬ್ಬಳು ಒಂದು ವಿಷಯ ಗಮನಿಸಿದಳು. ಇನ್ನೂ ತರಬೇತಿ ಪಡೆಯದ ಡ್ರೈವರ್‌ಗಳ ಲಾರಿಗಳಲ್ಲೂ ಡೀಸೆಲ್ ಬಳಕೆ ಇಳಿದಿತ್ತು! ಅಷ್ಟಲ್ಲದಿದ್ದರೂ ಸ್ವಲ್ಪ ಇಳಿದಿತ್ತು.

ಕಾರಣ ಹವಾಮಾನ. ತರಬೇತಿ ನಡೆದದ್ದು ಚಳಿ ಮುಗಿದು ಬಿಸಿಲು ಏರುವ ಹೊತ್ತಿನಲ್ಲಿ. ತಣ್ಣನೆಯ ಗಾಳಿ ಹೆಚ್ಚು ದಟ್ಟ. 0 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು 11% ದಟ್ಟವಾಗಿರುತ್ತದೆ, ಲಾರಿಯನ್ನು ಅಷ್ಟೇ ಹೆಚ್ಚು ತಡೆಯುತ್ತದೆ. ಚಳಿಯಲ್ಲಿ ಎಂಜಿನ್, ಗೇರ್ ಎಣ್ಣೆ, ಟೈರ್ ಎಲ್ಲವೂ ಬಿಸಿಯೇರಲು ಹೊತ್ತು ಹಿಡಿಯುತ್ತದೆ. ಬಿಸಿಲು ಬಂದ ಮೇಲೆ ಎಲ್ಲ ಲಾರಿಗೂ ಲಾಭವಾಗಿತ್ತು. ಅದನ್ನೂ ತರಬೇತಿಯ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಇಲ್ಲಿ ಮ್ಯಾನೇಜರ್ ಮುಂದೆ ಎರಡು ದಾರಿಯಿದ್ದವು. ವರದಿ ಹೇಗೂ ಸಿದ್ಧವಾಗಿದೆ, ಅಂಕಿ ಚೆನ್ನಾಗಿದೆ, ಕಳಿಸಿಬಿಡಬಹುದು. ಅಥವಾ ತರಬೇತಿ ಆಗದವರ ಇಳಿಕೆಯನ್ನು ಕಳೆದು ಉಳಿದದ್ದನ್ನು ಮಾತ್ರ ಹೇಳಬಹುದು. ಅವರು ಎರಡನೆಯದನ್ನು ಆರಿಸಿಕೊಂಡರು. ಅಂಕಿ ಸಣ್ಣದಾಯಿತು, ಆದರೆ ನಿಜವಾದದ್ದಾಯಿತು. ಎಲ್ಲರಿಗೂ ಒಮ್ಮೆಗೇ ತರಬೇತಿ ಕೊಟ್ಟಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ. ತಂಡ ತಂಡವಾಗಿ ಮಾಡಿದ್ದು ಲಾರಿ ಖಾಲಿ ಇಲ್ಲ ಅನ್ನುವ ಅನಿವಾರ್ಯಕ್ಕೆ. ಅದೇ ಅವರಿಗೆ ಹೋಲಿಕೆಯ ಅಳತೆಗೋಲು ಕೊಟ್ಟಿತು. ಈ ಕೆಲಸ ಮಾಡುವ ಯಾರಿಗಾದರೂ ನಾನು ಮೊದಲು ಹೇಳುವ ಮಾತು ಇದೇ: ಒಂದು ಗುಂಪನ್ನು ಬೇಕೆಂದೇ ತಡವಾಗಿ ತರಬೇತಿಗೆ ಕಳಿಸಿ.

ಮೈಲೇಜ್ ಪಟ್ಟಿ

ಆಮೇಲೆ ಬಂತು ದೊಡ್ಡ ಎಡವಟ್ಟು.

ಉತ್ಸಾಹ ಉಳಿಯಲಿ ಎಂದು ಆಫೀಸಿನವರು ಪ್ರತಿ ವಾರ ಒಂದು ಪಟ್ಟಿ ಹಾಕತೊಡಗಿದರು. ಲೀಟರಿಗೆ ಯಾರು ಎಷ್ಟು ಕಿಲೋಮೀಟರ್ ಓಡಿಸಿದರು ಅನ್ನೋದು, ಮೇಲಿನಿಂದ ಕೆಳಗೆ, ಹೆಸರು ಸಮೇತ. ಮೇಲಿದ್ದವರಿಗೆ ಬಹುಮಾನ. ಕೆಳಗಿದ್ದವರಿಗೆ ದಂಡವೇನಿಲ್ಲ, ಅಂಟಿಸಿದ ಹಾಳೆಯ ಮಾತಿಗೆ ಅಕ್ಷರಶಃ ತಪ್ಪಿರಲಿಲ್ಲ. ಆದರೆ ಎಲ್ಲರ ಮುಂದೆ ಕೊನೆಯ ಹೆಸರಾಗುವುದು ದಂಡಕ್ಕಿಂತ ಕಡಿಮೆಯೇ?

ಪಟ್ಟಿಯ ಮೇಲ್ಭಾಗದಲ್ಲಿ ಸಮತಟ್ಟು ಹೆದ್ದಾರಿಯವರು, ವಾಪಸು ಖಾಲಿ ಬರುವವರು. ಖಾಲಿ ಲಾರಿಗೆ ಮೈಲೇಜ್ ಜಾಸ್ತಿ ಬರುವುದು ಸಹಜ. ಏನೂ ಹೊರದೆ ಬಂದವನಿಗೆ ಬಹುಮಾನ, ಎರಡೂ ಕಡೆ ಲೋಡ್ ಹೊತ್ತು ಬಂದವನಿಗೆ ಕೆಳಗಿನ ಜಾಗ. ಹೊಗೆಯ ಲೆಕ್ಕದಲ್ಲಿ ನೋಡಿದರೆ ಇದು ಪೂರ್ತಿ ಉಲ್ಟಾ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ಎಷ್ಟು ಡೀಸೆಲ್ ಅನ್ನೋದಲ್ಲವೇ ಗ್ರಾಹಕರು ಕೇಳಿದ್ದು?

ಬೆಟ್ಟದ ದಾರಿಯ ಡ್ರೈವರ್ ಒಬ್ಬರು ಪ್ರತಿ ವಾರವೂ ಕೊನೆಯಲ್ಲೇ ಇದ್ದರು. ಒಳ್ಳೆಯ ಡ್ರೈವರ್, ಸ್ವಾಭಿಮಾನಿ, ಹೆಚ್ಚು ಮಾತಾಡದವರು. ಒಂದು ವಾರ ಅವರ ಮೈಲೇಜ್ ಇದ್ದಕ್ಕಿದ್ದಂತೆ ಏರಿತು. ಎಲ್ಲರೂ ಹೊಗಳಿದರು. ಆಮೇಲೊಂದು ದಿನ ಇಳಿಜಾರಿನ ಬುಡದಲ್ಲಿ ಅವರ ಲಾರಿಯ ಚಕ್ರಗಳಿಂದ ಹೊಗೆ ಏಳುತ್ತಿದ್ದುದನ್ನು ಹಿಂದೆ ಬರುತ್ತಿದ್ದ ಇನ್ನೊಬ್ಬ ಡ್ರೈವರ್ ಕಂಡು, ಫೋನ್ ಮಾಡಿ ನಿಲ್ಲಿಸಿದರು. ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವ ಹಂತದಲ್ಲಿತ್ತು.

ದಾಖಲೆ ತೆಗೆದು ನೋಡಿದಾಗ ವಿಷಯ ಸ್ಪಷ್ಟವಾಯಿತು. ಅವರದು ಹಳೆಯ ಲಾರಿ. ತರಬೇತಿಯಲ್ಲಿ ಹೇಳಿದ್ದನ್ನು ಬಿಟ್ಟು ಹಳೆಯ ನಂಬಿಕೆಗೆ ಮರಳಿ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ವೇಗ ಏರಲು ಬಿಟ್ಟು, ಆ ವೇಗದಲ್ಲೇ ಮುಂದಿನ ಏರನ್ನು ಹತ್ತುತ್ತಿದ್ದರು. ಏರಿನಲ್ಲಿ ಡೀಸೆಲ್ ಉಳಿಯುತ್ತಿದ್ದುದು ನಿಜ. ಅದಕ್ಕೆ ಬೆಲೆ ಬ್ರೇಕ್ ತೆರುತ್ತಿತ್ತು. 40 ಟನ್ನಿನ ಲಾರಿ 300 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, 72 ಕಿ.ಮೀ. ವೇಗದಿಂದ ಅದೇ ಲಾರಿಯನ್ನು ಸುಮಾರು 15 ಸಲ ಪೂರ್ತಿ ನಿಲ್ಲಿಸಿದಷ್ಟು. ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ಹೀರಿಕೊಳ್ಳುತ್ತವೆ. ನ್ಯೂಟ್ರಲ್‌ನಲ್ಲಿ ಎಲ್ಲ ಭಾರ ಚಕ್ರದ ಬ್ರೇಕಿನ ಮೇಲೆ. (ಕೆಲವು ಹೊಸ ಲಾರಿಗಳಲ್ಲಿ ಸಣ್ಣ ಇಳುಕಲಿನಲ್ಲಿ ಕಂಪ್ಯೂಟರೇ ಗೇರ್ ಬಿಡಿಸುವುದುಂಟು. ಅದು ಬೇರೆ ವಿಷಯ. ವೇಗ ಮಿತಿ ದಾಟಿದರೆ, ಬ್ರೇಕ್ ಮುಟ್ಟಿದರೆ ಅದು ತಾನಾಗಿಯೇ ಗೇರ್ ಹಿಡಿಯುತ್ತದೆ.)

ಶಿಸ್ತು ಕ್ರಮ ತೆಗೆದುಕೊಳ್ಳಬೇಕು ಎಂದು ಆಫೀಸಿನಲ್ಲಿ ಕೆಲವರು ಹೇಳಿದರು. ಮ್ಯಾನೇಜರ್ ಆ ಡ್ರೈವರನ್ನು ಕರೆದು, ಬಾಗಿಲು ಹಾಕಿ, ಒಂದೇ ಮಾತು ಕೇಳಿದರು: 'ಯಾಕೆ ಹೀಗೆ ಮಾಡಿದ್ರಿ?' ಬಂದ ಉತ್ತರ: 'ನನ್ನ ಹೆಸರು ಕೆಳಗಿರೋದನ್ನ ನೋಡಿ ನೋಡಿ ಸಾಕಾಗಿತ್ತು ಸಾರ್.'

ಆ ಸಂಜೆಯೇ ಪಟ್ಟಿ ಕೆಳಗಿಳಿಯಿತು. ಇಡೀ ಪ್ರಕರಣದಲ್ಲಿ ನಾನು ತುಂಬಾ ಗೌರವಿಸುವ ತೀರ್ಮಾನ ಇದು. ಒಬ್ಬರನ್ನು ಶಿಕ್ಷಿಸಿ ಪಟ್ಟಿಯನ್ನು ಉಳಿಸಿಕೊಂಡಿದ್ದರೆ ಮುಂದಿನ ವಾರ ಇನ್ನೊಬ್ಬರು ಅದನ್ನೇ ಮಾಡುತ್ತಿದ್ದರು, ಸಿಕ್ಕಿಬೀಳದ ಹಾಗೆ.

ಉಳಿತಾಯ ಕರಗತೊಡಗಿತು

ಪಟ್ಟಿ ಹೋಯಿತು. ಜೊತೆಗೆ ಉತ್ಸಾಹವೂ ಇಳಿಯಿತು. ತಿಂಗಳುಗಳು ಕಳೆದಂತೆ ಡೀಸೆಲ್ ಬಳಕೆ ಮೆಲ್ಲಗೆ ಹಳೆಯ ಮಟ್ಟದ ಕಡೆ ಸಾಗಿತು. ಈ ತರಬೇತಿಗಳಲ್ಲಿ ಇದು ಸಾಮಾನ್ಯ. ಒಮ್ಮೆ ಕಲಿಸಿ ಬಿಟ್ಟರೆ ಹಳೆಯ ಅಭ್ಯಾಸ ಮರಳುತ್ತದೆ. ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನವೊಂದು ವೃತ್ತಿಪರ ಲಾರಿ ಡ್ರೈವರ್‌ಗಳಿಗೆ ಪ್ರತಿ 5 ವರ್ಷಕ್ಕೆ 35 ಗಂಟೆ ಮರುತರಬೇತಿ ಕಡ್ಡಾಯ ಮಾಡಿತು. ಅಲ್ಲಿ ಕಲಿಯಬೇಕಾದ ವಿಷಯಗಳಲ್ಲಿ ಇಂಧನ ಉಳಿಸಿ ಓಡಿಸುವುದೂ ಇದೆ. ಆ ನಿಯಮದ ಹಿಂದಿರುವ ತಿಳಿವಳಿಕೆ ಸರಿಯಾದದ್ದೇ.

ಆದರೆ ಇಲ್ಲಿ ಮರೆವು ಒಂದೇ ಕಾರಣವೇ? ಮತ್ತೆ ತರಬೇತಿ ಕೊಡೋಣ ಎಂದು ಖರ್ಚಿನ ಅಂದಾಜು ಹಾಕುವ ಮುಂಚೆ ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದರು: ಡ್ರೈವರ್‌ಗಳು ಯಾವಾಗ ಜೋರಾಗಿ ಓಡಿಸುತ್ತಿದ್ದಾರೆ? 'ಯಾರು' ಎಂದು ಕೇಳಲಿಲ್ಲ, 'ಯಾವಾಗ' ಎಂದು ಕೇಳಿದರು. ದಾಖಲೆಯಲ್ಲಿ ಉತ್ತರ ಎದ್ದು ಕಾಣುತ್ತಿತ್ತು. ಟ್ರಿಪ್ಪಿನ ಮೊದಲರ್ಧದಲ್ಲಿ ಎಲ್ಲರೂ ಕಲಿತ ಹಾಗೆಯೇ ಓಡಿಸುತ್ತಿದ್ದರು. ಗೋದಾಮು ಹತ್ತಿರ ಬಂದಂತೆ ವೇಗ ಏರುತ್ತಿತ್ತು, ಬ್ರೇಕ್ ಜೋರಾಗುತ್ತಿತ್ತು. ಗೇಟು ತಲುಪಿದ ಮೇಲೆ ಎಂಜಿನ್ ಓಡುತ್ತಲೇ ಲಾರಿ ಸಾಲಿನಲ್ಲಿ ನಿಂತಿರುತ್ತಿತ್ತು.

ಟ್ರಿಪ್ ಹಂಚುವ ಸೂಪರ್‌ವೈಸರ್‌ಗೆ ಇದನ್ನು ತೋರಿಸಿದಾಗ ಅವರು ನಂಬಲಿಲ್ಲ. 'ನಾನು ಯಾರಿಗೂ ಜೋರಾಗಿ ಓಡಿಸಿ ಅಂದಿಲ್ಲ' ಎಂದರು. ನಿಜವೇ. ಅವರು ಹಾಗೆ ಹೇಳಿರಲಿಲ್ಲ. ಗೇಟಿನ ಸಮಯ ಗೊತ್ತುಮಾಡಿ, ಅದಕ್ಕೆ ಬಿಗಿಯಾಗಿ ಹೊರಡುವ ಸಮಯ ಗೊತ್ತುಮಾಡಿ, ದಾರಿಯಲ್ಲಿ ಆಗಾಗ ಫೋನ್ ಮಾಡಿ 'ಎಲ್ಲಿದ್ದೀರಿ' ಎಂದು ಕೇಳುತ್ತಿದ್ದರು, ಅಷ್ಟೇ. ಆ ಒಂದು ಪದ ಸಾಕಾಗುತ್ತಿತ್ತು.

ಮ್ಯಾನೇಜರ್ ಅವರನ್ನು ಒಂದು ಟ್ರಿಪ್ಪಿಗೆ ಲಾರಿಯಲ್ಲೇ ಕಳಿಸಿದರು. ವಾಪಸು ಬಂದ ಸೂಪರ್‌ವೈಸರ್ ಬೇರೆ ಮನುಷ್ಯರಾಗಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ. ಅವರೇ ಕೂತು ಲೆಕ್ಕ ಹಾಕಿದರು. ಕೊನೆಯ 60 ಕಿ.ಮೀ.ಯನ್ನು ಗಂಟೆಗೆ 80ರ ವೇಗದಲ್ಲಿ ಓಡಿದರೆ 45 ನಿಮಿಷ. 90ರಲ್ಲಿ ಓಡಿದರೆ 40 ನಿಮಿಷ. ಐದು ನಿಮಿಷ ಉಳಿಸಲು ಗಾಳಿಯ ಜೊತೆ ಅಷ್ಟು ಗುದ್ದಾಡಿ, ಗೇಟಿನ ಮುಂದೆ ಎರಡು ಗಂಟೆ ಕಾದರೆ ಆ ಕಾಯುವಿಕೆಯಲ್ಲೇ ಮತ್ತೆ ಸುಮಾರು 5 ಲೀಟರ್ ಹೋಗುತ್ತದೆ. ಅಂದರೆ 13 ಕೆ.ಜಿ.ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್, ಲಾರಿ ಒಂದಡಿಯೂ ಮುಂದೆ ಹೋಗದೆ.

ಏನೇನು ಬದಲಾಯಿತು

ಮೊದಲ ಬದಲಾವಣೆ ಆಫೀಸಿನಲ್ಲೇ. ಪ್ರತಿ ದಾರಿಗೂ ಮುಂಚಿಗಿಂತ ಬೇಗ ಹೊರಡುವ ಹಾಗೆ ಸಮಯ ಬದಲಿಸಿ ಸ್ವಲ್ಪ ಬಿಡುವು ಇಟ್ಟರು. 'ಎಲ್ಲಿದ್ದೀರಿ' ಫೋನುಗಳು ನಿಂತವು. ಲಾರಿ ಎಲ್ಲಿದೆ ಅನ್ನೋದು ಹೇಗೂ ಪರದೆಯ ಮೇಲೆ ಕಾಣುತ್ತಿತ್ತಲ್ಲ.

ಎರಡನೆಯದು ಗ್ರಾಹಕರ ಜೊತೆಗಿನ ಮಾತು. ಹೊಗೆ ಇಳಿಸಿ ಎಂದು ಕೇಳಿದ್ದವರ ಗೋದಾಮಿನ ಗೇಟಿನಲ್ಲೇ ಲಾರಿಗಳು ಬಹಳ ಹೊತ್ತು ಕಾಯುತ್ತಿದ್ದವು! ಮ್ಯಾನೇಜರ್ ಕಾಯುವ ಗಂಟೆಗಳ ಲೆಕ್ಕವನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಪರಿವರ್ತಿಸಿ ಅವರ ಮುಂದೆ ಇಟ್ಟರು. ದೂರು ಹೇಳುವ ಧಾಟಿ ಇರಲಿಲ್ಲ. 'ನೀವು ಕೇಳಿದ್ದರ ಒಂದು ಪಾಲು ನಿಮ್ಮ ಗೇಟಿನಲ್ಲಿದೆ' ಎಂದಷ್ಟೇ ಹೇಳಿದರು. ಗ್ರಾಹಕರು ಗಟ್ಟಿಯಾದ ಒಂದೇ ಗಳಿಗೆಯ ಬದಲು ಒಂದಷ್ಟು ಅಗಲದ ಸಮಯ ಕೊಡಲು ಒಪ್ಪಿದರು. ತಮ್ಮ ಆವರಣದಲ್ಲಿ ಎಂಜಿನ್ ಆಫ್ ಮಾಡಿ ಕಾಯಲು ಜಾಗ, ಡ್ರೈವರ್‌ಗಳಿಗೆ ಕೂರಲು ಕೋಣೆ ಕೊಟ್ಟರು. ಆ ಕೋಣೆ ಸಣ್ಣ ವಿಷಯ ಎಂದು ತಿಳಿಯಬೇಡಿ. ಕ್ಯಾಬಿನ್ ತಂಪಾಗಿರಲಿ ಎಂದು ಎಂಜಿನ್ ಓಡಿಸುತ್ತಿದ್ದವರಿಗೆ ಕೂರಲು ಬೇರೆ ಜಾಗ ಸಿಕ್ಕ ಮೇಲೆ ಎಂಜಿನ್ ತಾನಾಗಿಯೇ ಆಫ್ ಆಯಿತು.

ಮೂರನೆಯದು ಅಳತೆ. ಮೈಲೇಜ್ ಪಟ್ಟಿಯ ಬದಲು ಡ್ರೈವರ್ ಕೈಯಲ್ಲಿರುವುದನ್ನು ಮಾತ್ರ ಅಳೆಯತೊಡಗಿದರು: ನಿಂತಲ್ಲೇ ಎಂಜಿನ್ ಓಡಿದ ಹೊತ್ತು, ಜೋರು ಬ್ರೇಕ್, ಹಸಿರು ಪಟ್ಟಿ ಮೀರಿದ ಓಟ, ಕಾಲು ತೆಗೆದು ಗೇರಿನಲ್ಲಿ ಉರುಳಿದ ದೂರ. ಹೋಲಿಕೆ ಪಕ್ಕದವನ ಜೊತೆ ಅಲ್ಲ, ಅದೇ ದಾರಿಯಲ್ಲಿ ಅದೇ ಡ್ರೈವರ್‌ನ ಹಿಂದಿನ ತಿಂಗಳ ಜೊತೆ. ಅಂಕಿ ಬೋರ್ಡಿಗೆ ಹೋಗುವುದಿಲ್ಲ, ಡ್ರೈವರ್ ಕೈಗೆ ಮಾತ್ರ ಬರುತ್ತದೆ. ಬಹುಮಾನವನ್ನು ಒಂದು ದಾರಿಯ ಎಲ್ಲ ಡ್ರೈವರ್‌ಗಳಿಗೆ ಸಮನಾಗಿ ಹಂಚಿದರು. ಇದರಿಂದ ಒಬ್ಬರಿಗೊಬ್ಬರು ಹೇಳಿಕೊಡುವುದು ಶುರುವಾಯಿತು. ಮುಂಚೆ ಪೈಪೋಟಿಯಲ್ಲಿ ಎಲ್ಲರೂ ತಮ್ಮ ತಮ್ಮ ಉಪಾಯ ಮುಚ್ಚಿಡುತ್ತಿದ್ದರು.

ನಾಲ್ಕನೆಯದು, ಹೊರಗಿನ ತರಬೇತುದಾರರ ಜಾಗಕ್ಕೆ ಒಳಗಿನವರೇ ಬಂದರು. ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರು ಒಬ್ಬರು. ಇನ್ನೊಬ್ಬರು, ನ್ಯೂಟ್ರಲ್ ಮಾಡಿ ಅಪಾಯಕ್ಕೆ ಸಿಕ್ಕಿದ್ದ ಬೆಟ್ಟದ ದಾರಿಯವರು. ಅವರನ್ನು ಆರಿಸಿದಾಗ ಹಲವರಿಗೆ ಆಶ್ಚರ್ಯವಾಯಿತು. ಇಳಿಜಾರಿನ ಬಗ್ಗೆ ಅವರು ಹೇಳುವಾಗ ಕೇಳುವವರು ಕಣ್ಣು ಆಚೀಚೆ ಮಾಡುತ್ತಿರಲಿಲ್ಲ.

ಈ ಒಳಗಿನ ತರಬೇತುದಾರರೇ ಇನ್ನೊಂದು ತಪ್ಪನ್ನು ಬೇಗ ಹಿಡಿದರು. ಕೆಲವು ಹೊಸಬರು 'ಎಂಜಿನ್ ಸುತ್ತು ಕಡಿಮೆ ಇರಲಿ' ಅನ್ನುವುದನ್ನು ಅತಿಯಾಗಿ ಪಾಲಿಸಿ, ಏರಿನಲ್ಲೂ ಮೇಲಿನ ಗೇರಿನಲ್ಲೇ ಎಳೆಸುತ್ತಿದ್ದರು. ಎಂಜಿನ್ ಒದ್ದಾಡುತ್ತಿತ್ತು. ಹಳೆಯ ಲಾರಿಗಳಿಂದ ಕಪ್ಪು ಹೊಗೆ ಬರುತ್ತಿತ್ತು. ಸುತ್ತು ತೀರಾ ಇಳಿದಾಗ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗದೆ ಅರೆಬೆಂದ ಮಸಿ ಬರುತ್ತದೆ. ಹಸಿರು ಪಟ್ಟಿಗೆ ಮೇಲಿನ ಗಡಿ ಇದ್ದ ಹಾಗೆ ಕೆಳಗಿನ ಗಡಿಯೂ ಇದೆ. ಪರದೆಯ ಮೇಲಿನ ಅಂಕಿಯಲ್ಲಿ ಇದು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಎಂಜಿನ್ ಸದ್ದು ಕೇಳಿದವರಿಗೆ ಮಾತ್ರ ಗೊತ್ತಾಯಿತು.

ಫಲಿತಾಂಶ

ಡೀಸೆಲ್ ಬಳಕೆ ಮತ್ತೆ ಇಳಿಯಿತು, ಈ ಸಲ ನಿಧಾನವಾಗಿ. ಮೊದಲ ತಿಂಗಳ ಆ ಹೊಳಪಿನ ಅಂಕಿಯನ್ನು ಮತ್ತೆ ಮುಟ್ಟಲಿಲ್ಲ. ಆದರೆ ಚಳಿ ಬಂದು ಹೋದ ಮೇಲೂ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದಾಗ ಇಳಿಕೆ ಉಳಿದಿತ್ತು. ಬ್ರೇಕ್ ಲೈನಿಂಗ್ ಬದಲಿಸುವುದು ಕಡಿಮೆಯಾಯಿತು ಎಂದು ವರ್ಕ್‌ಶಾಪಿನವರು ಹೇಳಿದರು. ಡ್ರೈವರ್‌ಗಳು ಹೇಳಿದ್ದು ಬೇರೆ: ಟ್ರಿಪ್ ಮುಗಿದಾಗ ಮೈಕೈ ನೋವು, ತಲೆಬಿಸಿ ಕಡಿಮೆ.

ಎಲ್ಲ ಕಡೆ ಒಂದೇ ರೀತಿ ಆಗಲಿಲ್ಲ. ನಗರದೊಳಗಿನ ಹಂಚಿಕೆಯಲ್ಲಿ ಓಡಿಸುವ ರೀತಿಯಿಂದ ಬಂದ ಲಾಭ ದೊಡ್ಡದು. ಅಲ್ಲಿ ನಿಲ್ಲುವುದು, ಹೊರಡುವುದು ಜಾಸ್ತಿ, ಹಾಗಾಗಿ ಉಳಿಸಲು ಅವಕಾಶವೂ ಜಾಸ್ತಿ. ಸಮತಟ್ಟು ಹೆದ್ದಾರಿಯಲ್ಲಿ ಲಾಭ ಬಹುಪಾಲು ವೇಗ ಇಳಿಸಿದ್ದರಿಂದಲೇ ಬಂತು, ಅಂದರೆ ಹೊರಡುವ ಸಮಯ ಬದಲಿಸಿದ್ದರಿಂದ. ಡ್ರೈವರ್‌ಗೆ ಕೊಟ್ಟ ಪಾಠ ಮತ್ತು ಸೂಪರ್‌ವೈಸರ್ ಮಾಡಿದ ಬದಲಾವಣೆ ಎರಡರಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಕೇಳಿದರೆ, ಹೆದ್ದಾರಿಯಲ್ಲಿ ನಾನು ಎರಡನೆಯದಕ್ಕೇ ದೊಡ್ಡ ಪಾಲು ಕೊಡುತ್ತೇನೆ. ಹಾಗೆಂದು ಪಾಠ ವ್ಯರ್ಥವಾಗಲಿಲ್ಲ. ಸಮಯ ಸಿಕ್ಕಾಗ ಅದನ್ನು ಹೇಗೆ ಬಳಸಬೇಕು ಎಂದು ಡ್ರೈವರ್‌ಗಳಿಗೆ ಗೊತ್ತಿತ್ತು. ಕೆಲವು ಕಂಪನಿಗಳು ಡ್ರೈವರನ್ನು ಮಾತ್ರ ಕೋಣೆಯಲ್ಲಿ ಕೂರಿಸಿ, ಟ್ರಿಪ್ ಹಂಚುವವರನ್ನು ಹೊರಗೇ ಬಿಡುತ್ತವೆ. ಅಂಥ ಕಡೆ ನನ್ನ ಸಲಹೆ, ಮೊದಲ ದಿನವೇ ಆ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ.

ಬಗೆಹರಿಯದೆ ಉಳಿದ ವಿಷಯವೂ ಒಂದಿದೆ. ಕೆಲಸ ಜಾಸ್ತಿಯಿದ್ದಾಗ ಕಂಪನಿ ಹೊರಗಿನ ಲಾರಿಗಳನ್ನು ಬಾಡಿಗೆಗೆ ಹಿಡಿಯುತ್ತದೆ. ಅವುಗಳ ಡೀಸೆಲ್ ಖರ್ಚು ಅವುಗಳ ಮಾಲೀಕರದ್ದೇ, ಹಾಗಾಗಿ ಉಳಿಸುವ ಆಸೆ ಅವರಿಗೂ ಇದೆ. ಆದರೆ ಅವರಿಗೆ ಹಣ ಸಿಗುವುದು ಟ್ರಿಪ್ಪಿನ ಲೆಕ್ಕದಲ್ಲಿ. ಒಂದು ಟ್ರಿಪ್ ಬೇಗ ಮುಗಿಸಿ ಇನ್ನೊಂದು ಹಿಡಿಯಬೇಕು ಅನ್ನುವ ಅವಸರ ಉಳಿತಾಯದ ಆಸೆಯನ್ನು ನುಂಗಿಬಿಡುತ್ತದೆ. ಅವರ ಹೊಗೆ ಕಂಪನಿಯ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ಗಾಳಿಯಲ್ಲಿ ಮಾತ್ರ ಇದ್ದೇ ಇರುತ್ತದೆ. ಗೇಟಿನಲ್ಲಿ ಕಾಯುವ ಹೊತ್ತಿಗೂ ಆ ಮಾಲೀಕರಿಗೆ ಹಣ ಕೊಡುವುದು, ತಮ್ಮ ಲಾರಿಗಳಿಗೆ ಕೊಟ್ಟ ಬಿಡುವಿನ ಸಮಯವನ್ನೇ ಅವರಿಗೂ ಕೊಡುವುದು ಎಂದು ಮ್ಯಾನೇಜರ್ ಒಂದು ದಾರಿಯಲ್ಲಿ ಪ್ರಯತ್ನ ಶುರು ಮಾಡಿದ್ದಾರೆ. ಹೋಲಿಕೆಗೆ ಇನ್ನೊಂದು ದಾರಿಯನ್ನು ಈ ಸಲ ಮೊದಲೇ ಬೇರೆ ಇಟ್ಟಿದ್ದಾರೆ.